ಕಸ ಯಾರದು, ಕೈ ಯಾರದು?

(ವಿದ್ಯಾರ್ಥಿನಿಲಯದ ಸಭೆಯೊಂದರಲ್ಲಿ ಆಡಿದ ಮಾತುಗಳು)



ಕಾಲೇಜಿಗೆ ಸೇರುವಾಗ ಫಾರಂನಲ್ಲಿ ‘ತಾಯಿಯ ಉದ್ಯೋಗ’ ಅನ್ನೋ ಜಾಗದಲ್ಲಿ ನಾನು ‘ಕೂಲಿ’ ಅಂತ ಬರೆದೆ. ನಮ್ಮವ್ವ ಬೆಂಗಳೂರಿನ ಬೀದಿ ಗುಡಿಸುತ್ತಿದ್ದಳು. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ. ಇಲ್ಲಿ ಕೂತವರಲ್ಲಿ ಹಾಗೆ ಬರೆದವರು ಎಷ್ಟು ಜನವೋ! ಕೈ ಎತ್ತಬೇಡಿ, ಮನಸ್ಸಿನಲ್ಲೇ ಕೇಳಿಕೊಳ್ಳಿ. ಆಕೆ ಕಸ ತೆಗೆದಳು, ಸರಿ. ನಾಚಿಕೆ ಪಡಬೇಕಾದವರು ಯಾರು?

ನಮ್ಮ ನಗರಗಳ ಮನೆಕಸದಲ್ಲಿ ಹೆಚ್ಚುಕಡಿಮೆ ಅರ್ಧ ಹಸಿ ಕಸವೇ. ಅದನ್ನ ಬೇರೆ ಇಟ್ಟರೆ ಒಂದೆರಡು ತಿಂಗಳಲ್ಲಿ ಗೊಬ್ಬರ. ಹಳ್ಳಿಯ ತಿಪ್ಪೆ ಕಂಡ ನಮಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಒಣ ಕಸ ಬೇರೆ ಇಟ್ಟರೆ ಗುಜರಿಯಲ್ಲಿ ಕಾಸು. ಎರಡನ್ನೂ ಬ್ಲೇಡು, ಗಾಜಿನ ಚೂರಿನ ಜೊತೆ ಒಂದೇ ಕವರಿಗೆ ತುರುಕಿ ಗಂಟು ಹಾಕಿದರೆ ಗೊಬ್ಬರವೂ ಇಲ್ಲ, ಗುಜರಿಯೂ ಇಲ್ಲ. ಗುಡ್ಡೆ ಹಾಕಿದಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಅನಿಲ ಹುಟ್ಟುತ್ತದೆ, ಬೆಂಕಿ ಹತ್ತುತ್ತದೆ, ಕಪ್ಪು ರಸ ಸೋರಿ ನೆಲದ ನೀರಿಗೆ ಇಳಿಯುತ್ತದೆ. ಆ ಗಂಟನ್ನ ಬಿಚ್ಚುವ ಕೈ ಮಾತ್ರ ನಮ್ಮ ಕೇರಿಯದೇ. ಅದಕ್ಕೇ ಹೇಳೋದು, ಕಸದ ಪ್ರಶ್ನೆ ಜಾತಿಯ ಪ್ರಶ್ನೆ.

ಬೆಂಗಳೂರು ಬೆಳೆದ ಹಾಗೆ ಅದರ ಕಸ ಹಳ್ಳಿಗಳ ಬಾಗಿಲಿಗೆ ಹೋಯಿತು. ಮಾವಳ್ಳಿಪುರದಲ್ಲಿ ಸುರಿದರು, 2012ರಲ್ಲಿ ಅದನ್ನ ಮುಚ್ಚಬೇಕಾಯಿತು. ಮಂಡೂರಿನಲ್ಲಿ ಸುರಿದರು, ಊರಿನ ಜನ ತಿರುಗಿಬಿದ್ದ ಮೇಲೆ 2014ರ ಕೊನೆಗೆ ಅಲ್ಲೂ ನಿಂತಿತು. 2012ರಲ್ಲೇ ರಾಜ್ಯದ ಹೈಕೋರ್ಟು ‘ಮನೆಯಲ್ಲೇ ಕಸ ಬೇರೆ ಮಾಡಿ’ ಎಂದಿತ್ತು. 2016ರ ಕೇಂದ್ರದ ನಿಯಮಗಳೂ ಅದನ್ನೇ ಹೇಳಿದವು; ಕೆಲಸಗಾರರಿಗೆ ಗ್ಲೌಸು, ಬೂಟು, ಮಾಸ್ಕು, ಮಳೆಕೋಟು ಕೊಡಬೇಕೆಂದೂ ಹೇಳಿದವು. ಕಾಗದದಲ್ಲಿ ಬೂಟು ಬಂತು. ನಮ್ಮವ್ವನ ಕಾಲಿಗೆ ಅದು ಬರಲಿಲ್ಲ.

1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನ ನಿಷೇಧಿಸಿದರು. ಆಮೇಲೆ ‘ಪೌರಕಾರ್ಮಿಕ’ ಅನ್ನೋ ಗೌರವದ ಹೆಸರೂ ಬಂತು. ಹೆಸರಿನ ಹಿಂದೆಯೇ ಗುತ್ತಿಗೆ ಬಂತು. ಸಂಬಳ ಕೇಳಿದರೆ ಕಂಟ್ರಾಕ್ಟರನ್ನ ಕೇಳು ಅಂದರು, ಕಂಟ್ರಾಕ್ಟರ್ ನಾಳೆ ಬಾ ಅಂದ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. 2025ರ ಮೇ 1ರಂದು ಬೆಂಗಳೂರಿನ 12,692 ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಯಾರ ದಯೆಯೂ ಅಲ್ಲ ಅದು, ಹೋರಾಟದ ಫಲ. ಆದರೆ ಕಸದ ಆಟೋ ಓಡಿಸುವವರು, ಅದರ ಹೆಲ್ಪರುಗಳು ಆ ಪಟ್ಟಿಯ ಹೊರಗೇ ಉಳಿದರು.

ಈಗ ನಮ್ಮ ಮಾತು. ಊಟ ಆದ ಮೇಲೆ ಈ ಹಾಸ್ಟೆಲಿನ ಹಿಂದಕ್ಕೆ ಹೋಗಿ ನೋಡಿ. ಅನ್ನ, ಪ್ಲಾಸ್ಟಿಕ್ಕು, ಗಡ್ಡ ಕೆರೆದ ಬ್ಲೇಡು ಎಲ್ಲಾ ಒಂದೇ ಗುಡ್ಡೆ! ಬೆಳಿಗ್ಗೆ ಅದಕ್ಕೆ ಕೈ ಹಾಕೋ ತಾಯಿ ಯಾರು? ನಾಲ್ಕು ಅಕ್ಷರ ಕಲಿತು ನಾವೂ ಮೇಲಿನವರ ಹಾಗೇ ಕಸ ಬಿಸಾಕೋದನ್ನ ಕಲಿತರೆ, ಬಾಬಾಸಾಹೇಬರ ಫೋಟೋ ಗೋಡೆ ಮೇಲೆ ಯಾಕೆ ಬೇಕು?

ನಾಳೆಯಿಂದ ಎರಡು ಡ್ರಮ್ಮು ಇಡಿ. ಬ್ಲೇಡು, ಗಾಜು ಕಾಗದದಲ್ಲಿ ಸುತ್ತಿ ಬೇರೆ ಕೊಡಿ. ಹಿತ್ತಲಲ್ಲಿ ಗೊಬ್ಬರದ ಗುಂಡಿ ತೋಡಿ. ಅಷ್ಟಕ್ಕೇ ನಿಲ್ಲಬೇಡಿ. ನಮಗೆ ಬರೆಯೋಕೆ ಬರುತ್ತೆ, ನಮ್ಮ ತಾಯಂದಿರಿಗೆ ಬರೋದಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ನಿಮ್ಮ ಪುರಸಭೆಗೆ ಅರ್ಜಿ ಹಾಕಿ ಕೇಳಿ: ಎಷ್ಟು ಜನ ಕಾಯಂ, ಎಷ್ಟು ಜನ ಗುತ್ತಿಗೆ? ಸಂಬಳ ಯಾವ ತಾರೀಖು? ಪಿ.ಎಫ್. ಕಟ್ಟಿದ್ದಾರಾ? ಬೂಟು ಎಲ್ಲಿ?

ಮುಂದಿನ ಫಾರಂನಲ್ಲಿ ತಲೆ ಎತ್ತಿ ಬರೆಯಿರಿ: ತಾಯಿ, ಪೌರಕಾರ್ಮಿಕಳು. ಆದರೆ ಆ ಪೊರಕೆ ಹುಟ್ಟಿದ ಜಾತಿಯಿಂದ ಯಾರ ಕೈಗೂ ಬರಬಾರದು. ಅಲ್ಲೀವರೆಗೂ ನಮ್ಮ ಹೋರಾಟ ಮುಗಿಯೋದಿಲ್ಲ.

ಜೈ ಭೀಮ್.