ಡಾ ವಿಂಚಿ ಕೋಡ್: ಮೊದಲ ಪುಟದ ಮಹಿಮೆ



ಧರ್ಮದ ವಿಷಯದಲ್ಲಿ ವಿವಾದ ಎಬ್ಬಿಸಿದ ರೋಚಕ ಕಾದಂಬರಿಯೊಂದು ಅಷ್ಟೊಂದು ಮಾರಾಟವಾಗುವುದು ಏಕೆ? ‘ವಿವಾದವಾಯಿತಲ್ಲ, ಅದಕ್ಕೇ’ ಎಂದು ನಾವೆಲ್ಲ ಥಟ್ಟನೆ ಹೇಳಿಬಿಡುತ್ತೇವೆ. ಈ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಡಾನ್ ಬ್ರೌನ್ ಅವರ ‘ಡಾ ವಿಂಚಿ ಕೋಡ್’ ಕಾದಂಬರಿಯನ್ನು ಮುಂದಿಟ್ಟುಕೊಂಡು ಹುಡುಕೋಣ.

ಈ ಪುಸ್ತಕ ಅಮೆರಿಕದಲ್ಲಿ ಪ್ರಕಟವಾದದ್ದು 2003ರ ಮಾರ್ಚ್‌ನಲ್ಲಿ. ಮೊದಲ ವಾರದಲ್ಲೇ ಅದು ‘ನ್ಯೂಯಾರ್ಕ್ ಟೈಮ್ಸ್’ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಇಟಲಿಯ ಕಾರ್ಡಿನಲ್ ತಾರ್ಸಿಸಿಯೊ ಬೆರ್ತೋನೆ ಅವರು ಇದನ್ನು ಕೊಳ್ಳಬೇಡಿ, ಓದಬೇಡಿ ಎಂದು ಬಹಿರಂಗವಾಗಿ ಕರೆ ಕೊಟ್ಟದ್ದು 2005ರ ಮಾರ್ಚ್‌ನಲ್ಲಿ, ಅಂದರೆ ಎರಡು ವರ್ಷಗಳ ನಂತರ. ಉರಿಯುತ್ತಿದ್ದ ಬೆಂಕಿಗೆ ವಿವಾದ ತುಪ್ಪ ಸುರಿಯಿತು, ನಿಜ. ಆದರೆ ಬೆಂಕಿ ಹೊತ್ತಿಸಿದ್ದು ಅದಲ್ಲ.

ಹೊತ್ತಿಸಿದ್ದರಲ್ಲಿ ಪ್ರಕಾಶಕರ ಪಾಲು ದೊಡ್ಡದು. ಬ್ರೌನ್ ಅವರ ಹಿಂದಿನ ಮೂರು ಕಾದಂಬರಿಗಳು ಹೇಳಿಕೊಳ್ಳುವಂಥ ಮಾರಾಟ ಕಂಡಿರಲಿಲ್ಲ. ಆದರೂ ಈ ಬಾರಿ ಪ್ರಕಾಶಕರು ಸುಮಾರು 10,000 ಪ್ರತಿಗಳನ್ನು ಬಿಡುಗಡೆಗೆ ಮುಂಚೆಯೇ ಅಂಗಡಿಯವರಿಗೂ ವಿಮರ್ಶಕರಿಗೂ ಪುಕ್ಕಟೆಯಾಗಿ ಹಂಚಿದರು. ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಮಾರುವವರೇ ಅದನ್ನು ಓದಿ ಮುಗಿಸಿದ್ದರು.

ಎರಡನೆಯದು ಕಟ್ಟುವಿಕೆ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ರಾತ್ರಿ ಒಂದು ಕೊಲೆ. ಬೆಳಗಾಗುವುದರೊಳಗೆ ಒಗಟಿನ ಮೇಲೆ ಒಗಟು. 105 ಅಧ್ಯಾಯಗಳಿವೆ, ಕೆಲವು ಎರಡೇ ಪುಟ. ಒಂದೊಂದು ಅಧ್ಯಾಯವೂ ಬಾಗಿಲು ತಟ್ಟುವ ಸದ್ದಿನಂಥ ಕಡೆಯಲ್ಲಿ ನಿಲ್ಲುತ್ತದೆ. ಧಾರಾವಾಹಿ ಮಾಡುವ ನಮಗೆ ಈ ವಿದ್ಯೆ ಹೊಸತಲ್ಲ. ಜಾಹೀರಾತು ಮುಗಿಯುವವರೆಗೆ ನೀವು ಎದ್ದು ಹೋಗದಂತೆ ನಾವು ಮಾಡುವುದೂ ಇದನ್ನೇ.

ಆದರೆ ರೋಚಕ ಕಾದಂಬರಿಗಳು ನೂರಾರಿವೆ. ಯೇಸುವಿಗೂ ಮಗ್ದಲದ ಮರಿಯಳಿಗೂ ಮದುವೆಯಾಗಿತ್ತು, ಅವರ ವಂಶ ಮುಂದುವರಿಯಿತು, ಚರ್ಚು ಅದನ್ನು ಮುಚ್ಚಿಟ್ಟಿತು ಎಂಬ ವಾದವೂ ಹೊಸದೇನಲ್ಲ. 1982ರಲ್ಲೇ ‘ಹೋಲಿ ಬ್ಲಡ್ ಅಂಡ್ ಹೋಲಿ ಗ್ರೇಲ್’ ಎಂಬ ಪುಸ್ತಕ, ಅದೂ ಕಾದಂಬರಿಯಲ್ಲ, ಈ ವಾದವನ್ನು ಮುಂದಿಟ್ಟಿತ್ತು. ಅದರ ಮೂವರು ಲೇಖಕರಲ್ಲಿ ಇಬ್ಬರು ನಮ್ಮ ಪುಸ್ತಕದ ತಿರುಳನ್ನು ಕದ್ದಿದ್ದಾರೆಂದು ಲಂಡನ್ನಿನಲ್ಲಿ ದಾವೆ ಹೂಡಿ 2006ರಲ್ಲಿ ಸೋತರು.

ಹಾಗಾದರೆ ಬ್ರೌನ್ ಅವರು ಸೇರಿಸಿದ್ದೇನು? ನನ್ನ ಎಣಿಕೆಯಲ್ಲಿ, ಒಂದೇ ಒಂದು ಪುಟ. ಕಥೆ ಶುರುವಾಗುವ ಮುಂಚೆ ‘ವಾಸ್ತವ’ ಎಂಬ ಅರ್ಥದ ತಲೆಬರಹ ಹೊತ್ತು ನಿಂತಿರುವ ಪುಟ. ಕಥೆಯಲ್ಲಿ ಬರುವ ಕಲೆ, ಕಟ್ಟಡ, ದಾಖಲೆ, ಗುಪ್ತ ಆಚರಣೆಗಳ ವರ್ಣನೆ ಖಚಿತವಾದದ್ದು. ‘ಪ್ರಯರಿ ಆಫ್ ಸಯಾನ್’ ಎಂಬ ರಹಸ್ಯ ಸಂಘ 1099ರಲ್ಲಿ ಹುಟ್ಟಿದ ನಿಜವಾದ ಸಂಸ್ಥೆ ಎಂದು ಆ ಪುಟ ಹೇಳುತ್ತದೆ. ಅಲ್ಲಿಂದ ಮುಂದೆ ನಾವು ಕಥೆ ಓದುತ್ತಿಲ್ಲ, ಗುಟ್ಟು ತಿಳಿಯುತ್ತಿದ್ದೇವೆ!

ಆ ಗುಟ್ಟುಗಳನ್ನು ಒರೆಗೆ ಹಚ್ಚಿ ನೋಡಿ. ‘ಪ್ರಯರಿ’ ಹುಟ್ಟಿದ್ದು 1956ರಲ್ಲಿ, ಪಿಯರ್ ಪ್ಲಾಂಟಾರ್ಡ್ ಎಂಬ ಫ್ರೆಂಚ್ ಮನುಷ್ಯನಿಂದ. ಅದರ ‘ಪ್ರಾಚೀನ’ ದಾಖಲೆಗಳು 1960ರ ದಶಕದಲ್ಲಿ ಸೃಷ್ಟಿಸಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೇರಿಸಿಟ್ಟವು. ಲೂವ್ರ್‌ನ ಗಾಜಿನ ಪಿರಮಿಡ್ಡಿಗೆ 666 ಫಲಕಗಳೆಂದು ಕಾದಂಬರಿ ಹೇಳುತ್ತದೆ; ವಸ್ತುಸಂಗ್ರಹಾಲಯದ ಲೆಕ್ಕ 673. ಸೇಂಟ್ ಸುಲ್ಪೀಸ್ ಚರ್ಚಿನ ನೆಲದ ಹಿತ್ತಾಳೆ ಗೆರೆ ಪುರಾತನ ದೇಗುಲದ ಅವಶೇಷವಲ್ಲ. ಈಸ್ಟರ್ ಹಬ್ಬದ ದಿನ ನಿರ್ಣಯಕ್ಕೆಂದು 18ನೇ ಶತಮಾನದಲ್ಲಿ ಹಾಕಿದ ಖಗೋಳ ಸಾಧನ. ಧರ್ಮ ಮತ್ತು ವಿಜ್ಞಾನ ಕೈಜೋಡಿಸಿದ ಈ ನಿಜಕಥೆಯೇ ನನಗೆ ಹೆಚ್ಚು ಸ್ವಾರಸ್ಯವೆನಿಸುತ್ತದೆ.

ಇಷ್ಟೆಲ್ಲ ಹೇಳುವ ನಾನೂ ಮೋಸಹೋದವನೇ. ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ದಿನಗಳಲ್ಲಿ ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಪ್ರತಿಯನ್ನು ಎರಡು ರಾತ್ರಿಯಲ್ಲಿ ಮುಗಿಸಿದ್ದೆ. ಯಾವ ಜೇನುಗೂಡಿನಲ್ಲಾದರೂ ಹೆಣ್ಣು ನೊಣಗಳ ಸಂಖ್ಯೆಯನ್ನು ಗಂಡು ನೊಣಗಳ ಸಂಖ್ಯೆಯಿಂದ ಭಾಗಿಸಿದರೆ 1.618 ಎಂಬ ಸುವರ್ಣ ಅನುಪಾತ ಬರುತ್ತದೆ ಎಂದು ಅದರಲ್ಲಿತ್ತು. ಮುಂದೆ ಮಕ್ಕಳ ವಿಜ್ಞಾನ ಕಾರ್ಯಕ್ರಮವೊಂದಕ್ಕೆ ಸಹಾಯಕನಾಗಿದ್ದಾಗ ಆ ಮಾತನ್ನು ಹಾಗೆಯೇ ಬರೆದೆ, ಪ್ರಸಾರವೂ ಆಯಿತು. ಯಾರೂ ಆಕ್ಷೇಪಿಸಲಿಲ್ಲ, ಮಲೆನಾಡಿನಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದ ನನ್ನ ಸೋದರಮಾವನ ಹೊರತು. “ಅಲ್ವೋ, ಪೆಟ್ಟಿಗೆಯಲ್ಲಿ ಕೆಲಸದ ನೊಣ ಸಾವಿರಗಟ್ಟಲೆ, ಗಂಡು ಹೆಚ್ಚೆಂದರೆ ಕೆಲವು ನೂರು. ನೀನು ಹೇಳಿದ ಹಾಗಿದ್ದರೆ ಜೇನು ನಮಗೆಲ್ಲಿ ಉಳೀತಿತ್ತು? ಯಾವ ಗೂಡನ್ನು ಬಿಚ್ಚಿ ಎಣಿಸಿದೆಯೋ ಮಾರಾಯ?” ಎಂದು ಫೋನಿನಲ್ಲಿ ಕೇಳಿದರು. ನಾನು ಯಾವ ಗೂಡನ್ನೂ ಎಣಿಸಿರಲಿಲ್ಲ. ಮುಂದಿನ ಕಂತಿನಲ್ಲಿ ತಪ್ಪೊಪ್ಪಿಕೊಂಡೆವು.

ಹುಡುಕಿದಾಗ ನಿಜ ಬೇರೆಡೆ ಸಿಕ್ಕಿತು. ಗಂಡು ನೊಣಕ್ಕೆ ತಾಯಿ ಮಾತ್ರ, ತಂದೆಯಿಲ್ಲ. ಅದರ ಪೂರ್ವಿಕರನ್ನು ತಲೆಮಾರಿನಂತೆ ಎಣಿಸಿದರೆ 1, 2, 3, 5, 8 ಎಂದು ಬೆಳೆಯುತ್ತದೆ. ಅಕ್ಕಪಕ್ಕದ ಸಂಖ್ಯೆಗಳ ಅನುಪಾತ 1.618ರ ಕಡೆಗೆ ಸರಿಯುತ್ತದೆ. ಪೂರ್ತಿ ಸುಳ್ಳನ್ನು ಯಾರೂ ನಂಬುವುದಿಲ್ಲ. ಸತ್ಯದ ಪಕ್ಕದಲ್ಲೇ ಕೂತ ಸುಳ್ಳನ್ನು ಎಲ್ಲರೂ ನಂಬುತ್ತಾರೆ.

ಕಾದಂಬರಿಯಲ್ಲಿ ‘ನಿಜ’ವನ್ನು ಹುಡುಕುವ ಈ ಹಸಿವು ನಮ್ಮಲ್ಲೂ ಇದೆ. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಮುದ್ರಣದ ಮೇಲೆ ಮುದ್ರಣ ಕಂಡಾಗ, ಪರವಾಗಿದ್ದವರೂ ವಿರೋಧಿಸಿದವರೂ ಮುಖ್ಯವಾಗಿ ಚರ್ಚಿಸಿದ್ದು ಅದರ ಚರಿತ್ರೆಯನ್ನು. ಧರ್ಮ ನಮ್ಮ ಮನೆಯ ವಿಷಯ. ಅದರ ಬಗ್ಗೆ ‘ನಿನಗೆ ಹೇಳದೆ ಮುಚ್ಚಿಟ್ಟದ್ದಿದೆ’ ಎಂದರೆ ಭಕ್ತನೂ ಕಿವಿಗೊಡುತ್ತಾನೆ, ನಾಸ್ತಿಕನೂ ಕಿವಿಗೊಡುತ್ತಾನೆ.

2006ರಲ್ಲಿ ಇದೇ ಕಾದಂಬರಿ ಚಲನಚಿತ್ರವಾಗಿ ಭಾರತಕ್ಕೆ ಬಂತು. ತಮಿಳುನಾಡು, ಆಂಧ್ರಪ್ರದೇಶ ಮೊದಲಾದ ರಾಜ್ಯಗಳು ನಿಷೇಧಿಸಿದವು. ಆಂಧ್ರದ ಉಚ್ಚ ನ್ಯಾಯಾಲಯ ಅಲ್ಲಿನ ನಿಷೇಧವನ್ನು ರದ್ದುಪಡಿಸಿತು. ಸೆನ್ಸಾರಿನವರ ಷರತ್ತಿನಂತೆ ಇಲ್ಲಿ ಚಿತ್ರದ ಜೊತೆ ‘ಇದು ಕಲ್ಪಿತ ಕಥೆ’ ಎಂಬ ಸೂಚನೆ ತೋರಿಸಬೇಕಾಯಿತು. ಪುಸ್ತಕ ‘ವಾಸ್ತವ’ ಎಂದಿತು, ಚಿತ್ರ ‘ಕಲ್ಪನೆ’ ಎಂದಿತು. ಕಥೆ ಮಾತ್ರ ಅದೇ. ನಿಷೇಧಕ್ಕಿಂತ ಆ ಒಂದು ಸಾಲಿನ ಸೂಚನೆ ಮೇಲು ಎಂಬುದು ನನ್ನ ಅಭಿಪ್ರಾಯ. ಅದು ಓದುಗನ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳುವುದಿಲ್ಲ.

ಇಂಥ ಪುಸ್ತಕಗಳನ್ನು ಓದಿ, ಸಂತೋಷದಿಂದ ಓದಿ. ಮೊದಲ ಪುಟ ಬಂದಾಗ ಮಾತ್ರ ನಮ್ಮ ಮಾವನ ಪ್ರಶ್ನೆಯನ್ನು ನೆನೆಯಿರಿ: ಯಾವ ಗೂಡನ್ನು ಬಿಚ್ಚಿ ಎಣಿಸಿದೆ?