ಕೃಷ್ಣನ ಬಣ್ಣ

(ಪೋಷಕರ ದಿನಾಚರಣೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂದಿನ ಮಾತನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ. ಕಳೆದ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಶ್ರೀಕೃಷ್ಣನ ಬಾಲಲೀಲೆಯ ನಾಟಕವನ್ನು ಆಡಿಸಲು ನಿಶ್ಚಯಿಸಿ, ಪಾತ್ರಗಳನ್ನು ನಾವೇ ಹಂಚಿದೆವು. ಬೆಳ್ಳಗಿದ್ದ ಹುಡುಗನೊಬ್ಬನಿಗೆ ಕೃಷ್ಣನ ವೇಷ. ಕಂಠಪಾಠದಲ್ಲಿ ಎಲ್ಲರಿಗಿಂತ ಮುಂದಿದ್ದ ಮತ್ತೊಬ್ಬನಿಗೆ ಕಂಸನ ಕಡೆಯ ರಾಕ್ಷಸನ ವೇಷ. ಅಭ್ಯಾಸ ಮುಗಿದ ಸಂಜೆ ಆ ಎರಡನೆಯವನು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಕೃಷ್ಣ ಎಂದರೆ ಕಪ್ಪು ಎಂದು ತಾವೇ ಪಾಠ ಹೇಳಿದ್ದಿರಿ. ಹಾಗಿದ್ದರೆ ನನಗೇಕೆ ರಾಕ್ಷಸನ ವೇಷ?" ಎಂದು ಕೇಳಿದ. ಧ್ವನಿಯಲ್ಲಿ ಕೋಪವಿರಲಿಲ್ಲ, ವ್ಯಾಕರಣದ ಸಂದೇಹವನ್ನು ಕೇಳುವವನಂತೆ ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. "ನಾಳೆ ನೋಡೋಣ, ಮನೆಗೆ ಹೋಗಪ್ಪ" ಎಂದೆವು. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಅಂದು ಪಾಠವಾಯಿತು.

ಆಮೇಲೆ ಕಿವಿಗೊಟ್ಟಾಗ, ಆಟದ ಬಯಲಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಕಡಮೆ ಎಂಬುದು ತಿಳಿಯಿತು. "ಏ ಕರಿಯ" ಎಂಬುದೇ ಕೂಗು. ನಮ್ಮ ಹಿರಿಯರು ದೇವರನ್ನು ನೆನೆದು ಮಕ್ಕಳಿಗೆ ಕರಿಯಪ್ಪ, ಕರಿಯಮ್ಮ, ಕಾಳಮ್ಮ ಎಂದು ಹೆಸರಿಡುತ್ತಿದ್ದರು. ಅದೇ ಮಾತು ಇಂದು ಮಗುವಿನ ತಲೆಯನ್ನು ತಗ್ಗಿಸುತ್ತಿದೆ. ತಿರುಪ್ಪೂರಿಗೆ ಬನಿಯನ್ ಕೊಳ್ಳಲು ಬಂದ ಆಫ್ರಿಕಾದ ವರ್ತಕರನ್ನೂ, ಕೊಯಮತ್ತೂರಿನ ಕಾಲೇಜುಗಳಿಗೆ ಓದಲು ಬಂದ ಆ ಖಂಡದ ವಿದ್ಯಾರ್ಥಿಗಳನ್ನೂ ನೋಡಿ ನಮ್ಮ ಮಕ್ಕಳು ಬೆನ್ನ ಹಿಂದೆ ನಗುವುದನ್ನು ನಾವು ಕಂಡಿದ್ದೇವೆ. ಕಂಡೂ ಸುಮ್ಮನೆ ನಡೆದಿದ್ದೇವೆ. ಈ ನಗುವಿಗೆ ಮೂಲ ಅಜ್ಞಾನ. ಅದನ್ನು ಕಳೆಯುವುದು ಶಾಲೆಯ ಕೆಲಸ. ಆದ್ದರಿಂದ ಕಪ್ಪು ಜನರ ಚರಿತ್ರೆಯ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುತ್ತೇವೆ.

1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ವಿಶ್ವ ಸಮ್ಮೇಳನ ನಡೆಯಿತು. ಅಮೆರಿಕದಿಂದ ಬಂದವರಲ್ಲಿ ಬೆಂಜಮಿನ್ ಮೇಸ್ ಎಂಬ ಕಪ್ಪು ವಿದ್ವಾಂಸರಿದ್ದರು. ಅವರ ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಮೇಸ್ ಅವರು ದಕ್ಷಿಣ ಕರೋಲಿನದ ಹತ್ತಿಯ ಹೊಲಗಳಲ್ಲಿ ದುಡಿದು ಬೆಳೆದು, ಷಿಕಾಗೋ ವಿಶ್ವವಿದ್ಯಾಲಯದಿಂದ 1935ರಲ್ಲಿ ಡಾಕ್ಟರೇಟ್ ಪದವಿ ಪಡೆದಿದ್ದರು. ಹತ್ತಿಯಿಂದಲೇ ಅನ್ನ ಕಾಣುವ ನಮ್ಮ ಊರುಗಳವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಲಕ್ಷಾಂತರ ಗುಲಾಮರ ಬೆವರನ್ನು ಕುಡಿದ ಬೆಳೆಯೇ ಹತ್ತಿ.

ಸಮ್ಮೇಳನದ ಕಾಲದಲ್ಲಿ, ಸಮೀಪದ ಹಳ್ಳಿಯೊಂದರ ಶಾಲೆಯ ಮುಖ್ಯೋಪಾಧ್ಯಾಯರು ಮೇಸ್ ಅವರನ್ನು ತಮ್ಮಲ್ಲಿಗೆ ಆಹ್ವಾನಿಸಿದರು. ಅದು ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳ ಶಾಲೆ. ಈ ಅತಿಥಿಯೂ ಅಸ್ಪೃಶ್ಯರೇ, ಆದರೂ ಇಷ್ಟು ಎತ್ತರಕ್ಕೇರಿದ್ದಾರೆ ಎಂಬ ಅರ್ಥದಲ್ಲಿ ಅವರು ಮಕ್ಕಳಿಗೆ ಪರಿಚಯ ಹೇಳಿದರು. ಮೇಸ್ ಅವರಿಗೆ ಮೊದಲು ಸಿಟ್ಟು ಬಂದಿತು. ಆದರೆ ಸ್ವಲ್ಪ ಹೊತ್ತಿನಲ್ಲೇ, ತಮ್ಮ ನಾಡಿನಲ್ಲಿ ತಾವೂ ಅಂಥವರೇ ಎಂಬ ಸತ್ಯ ಹೊಳೆಯಿತು. ಇದನ್ನು 1971ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಅವರೇ ಬರೆದಿದ್ದಾರೆ. ಆ ಹಳ್ಳಿಯ ಮಕ್ಕಳಿಗೆ ಬೇಕಾಗಿದ್ದದ್ದು ಕನಿಕರವಲ್ಲ; ತಮ್ಮಂಥವರೊಬ್ಬರು ತಲೆಯೆತ್ತಿ ನಿಂತಿರುವುದನ್ನು ಕಣ್ಣಾರೆ ನೋಡುವುದು. ಆ ಮುಖ್ಯೋಪಾಧ್ಯಾಯರು ಅದನ್ನು ತೋರಿಸಿದರು. ನಾವೋ, ನಮ್ಮ ಹುಡುಗನಿಗೆ ರಾಕ್ಷಸನ ಮುಖವಾಡವನ್ನು ತೋರಿಸಿದೆವು!

ಮೇಸ್ ಅವರು 1940ರಿಂದ 1967ರ ವರೆಗೆ ಅಟ್ಲಾಂಟ ನಗರದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದರು. 1944ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಅಲ್ಲಿಗೆ ಓದಲು ಬಂದ. ಅವರ ಮಾತುಗಳನ್ನು ಕೇಳಿ ಬೆಳೆದ ಆ ಹುಡುಗನೇ ಮುಂದೆ ಅಹಿಂಸೆಯಿಂದ ಹೋರಾಡಿ, 1964ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ಮಾರ್ಟಿನ್ ಲೂಥರ್ ಕಿಂಗ್. ಒಬ್ಬ ಗುರುವಿನ ಮಾತು ಎಲ್ಲಿಯವರೆಗೆ ಹೋಗುವುದೋ ಬಲ್ಲವರಾರು!

ಈ ಜನರ ಚರಿತ್ರೆ ಬಹುಕಾಲ ಪಠ್ಯಪುಸ್ತಕಗಳಲ್ಲಿ ಇರಲೇ ಇಲ್ಲ. ಆ ಕೊರತೆಯನ್ನು ತುಂಬಲು ನಿಂತವರು ಕಾರ್ಟರ್ ವುಡ್ಸನ್. ಗುಲಾಮರಾಗಿದ್ದವರ ಮಗ, ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ವಯಸ್ಸಿನಲ್ಲಿ ಪ್ರೌಢಶಾಲೆ ಸೇರಿ, 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದವರು. 1926ರ ಫೆಬ್ರವರಿಯಲ್ಲಿ ಅವರು ಕಪ್ಪು ಜನರ ಚರಿತ್ರೆಗಾಗಿ ಒಂದು ವಾರವನ್ನು ಮೀಸಲಿಟ್ಟರು. ಓಹಾಯೋ ಪ್ರಾಂತದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳೂ ಅಧ್ಯಾಪಕರೂ ಒಂದು ವಾರ ಸಾಲದೆಂದು ಇಡೀ ತಿಂಗಳನ್ನು ಕೇಳಿ, 1970ರಲ್ಲಿ ತಮ್ಮ ಆವರಣದಲ್ಲೇ ಅದನ್ನು ಮೊದಲು ಆಚರಿಸಿದರು. 1976ರಲ್ಲಿ ಅಮೆರಿಕದ ಅಧ್ಯಕ್ಷರೇ ಅದಕ್ಕೆ ಮನ್ನಣೆ ನೀಡಿದರು. ಇಂದು ಫೆಬ್ರವರಿ ಬಂದರೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸ, ಸಂಗೀತ, ನೃತ್ಯ, ಭೋಜನಗಳ ಹಬ್ಬ. ಹಾಡು ಕುಣಿತಗಳು ಅದರ ಶೋಭೆ. ಜೀವವಿರುವುದು, ನಾವು ಯಾರೆಂಬುದನ್ನು ನಾವೇ ಹೇಳುತ್ತೇವೆ ಎಂಬ ಸಂಕಲ್ಪದಲ್ಲಿ.

ಇದು ದೂರದ ನಾಡಿನ ಕಥೆಯೆಂದು ಯಾರೂ ಭಾವಿಸಬಾರದು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ದಖ್ಖಣದಲ್ಲಿ ಅಹಮದ್‌ನಗರ ರಾಜ್ಯದ ಸೂತ್ರಧಾರನಾಗಿ, ಮೊಗಲರ ಸೈನ್ಯವನ್ನು ಬಹುಕಾಲ ಎದುರಿಸಿ, 1626ರಲ್ಲಿ ತೀರಿಕೊಂಡ. ಕನ್ನಡ ನಾಡಿನಲ್ಲಂತೂ ಆಫ್ರಿಕಾ ಮೂಲದ ಸೋದರರೇ ಇದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಿನಂಚಿನಲ್ಲಿ ಬಾಳುವ ಸಿದ್ದಿಯರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದರು; ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಉಂಟು. ಕನ್ನಡ, ಕೊಂಕಣಿ, ಮರಾಠಿಗಳು ಅವರ ಬಾಯಲ್ಲಿವೆ. ಡಮಾಮಿ ವಾದ್ಯದ ತಾಳಕ್ಕೆ ಅವರು ಕುಣಿಯುವ ಕುಣಿತ ಪ್ರಸಿದ್ಧವಾದುದು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೂ ಹೂವೆಂದು ಕರೆಯುವ ಮಡಿಕೆಯನ್ನು ಇಡದಿದ್ದರೆ ಆ ಕೌದಿ ಬರಿಮೈಯಲ್ಲಿದೆ ಎಂದು ಅವರ ಭಾವನೆ. ಹರಿದ ಬಟ್ಟೆಗೂ ಮಾನವುಂಟೆಂದು ತಿಳಿದ ಜನ ಅವರು. ನೂಲಿನ ಬೆಲೆಯನ್ನು ಬಲ್ಲ ನಮ್ಮ ತಾಯಂದಿರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳೇ, ನಮ್ಮ ಸ್ಥಿತಿಯನ್ನೂ ಸ್ವಲ್ಪ ಯೋಚಿಸಿ. ತಮಿಳುನಾಡಿನ ಈ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಮಗ್ಗದ ಮುಂದೆ ಕುಳಿತು ಕನ್ನಡವಾಡುತ್ತ ಬಂದ ಮನೆಗಳವರು ನೀವು. ಬೀದಿಯಲ್ಲಿ ಅಮ್ಮ ಕನ್ನಡದಲ್ಲಿ ಕೂಗಿದರೆ ನಾಚಿ, ಕೇಳದವರಂತೆ ನಡೆಯುವವರು ನಿಮ್ಮಲ್ಲಿಲ್ಲವೇ? ತನ್ನ ಮಾತಿಗೆ ನಾಚುವ ಮಗುವೂ ತನ್ನ ಬಣ್ಣಕ್ಕೆ ನಾಚುವ ಮಗುವೂ ಒಂದೇ ನೋವನ್ನು ಉಣ್ಣುತ್ತಾರೆ. ಆ ನೋವನ್ನು ಬಲ್ಲ ನಾವೇ ಇನ್ನೊಬ್ಬನ ಬಣ್ಣವನ್ನು ಕಂಡು ನಗುವುದು ಹೇಗೆ ಸರಿ?

ಆದ್ದರಿಂದ ಬರುವ ಫೆಬ್ರವರಿಯ ಎರಡನೆಯ ವಾರವನ್ನು ನಮ್ಮ ಶಾಲೆಯಲ್ಲಿ ಚರಿತ್ರೆಯ ವಾರವಾಗಿ ನಡೆಸಲು ಸಂಘವು ಒಪ್ಪಿದೆ. ಮೇಸ್, ವುಡ್ಸನ್, ಮಲಿಕ್ ಅಂಬರ್, ಸಿದ್ದಿಯರು ಇವರ ವಿಷಯವಾಗಿ ಮೇಲಿನ ತರಗತಿಯವರು ಮಾತನಾಡುವರು. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ತಮ್ಮವರು ಎಲ್ಲಿಂದ ಬಂದರು, ಏನು ದುಡಿದರು, ಏನನ್ನು ಕಳೆದುಕೊಂಡರು, ಏನನ್ನು ಉಳಿಸಿಕೊಂಡರು ಎಂಬುದನ್ನು ಒಂದು ಪುಟ ಬರೆದು ತರಬೇಕು. ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಹೆಣ್ಣು ನೋಡಿ ಬಂದು "ಎಲ್ಲ ಸರಿ, ಬಣ್ಣ ಸ್ವಲ್ಪ ಕಡಮೆ" ಎಂದು ಮನೆಯಲ್ಲಿ ಆಡುವ ಮಾತನ್ನು ಮೂಲೆಯಲ್ಲಿ ಕುಳಿತ ಮಗು ಕೇಳುತ್ತಿರುತ್ತದೆ. ಶಾಲೆ ಹಗಲೆಲ್ಲ ಕಲಿಸಿದ್ದನ್ನು ಆ ಒಂದು ಮಾತು ಅಳಿಸಿಬಿಡುತ್ತದೆ.

ನಾಟಕ ಏನಾಯಿತೆಂದು ಕೇಳುವಿರಿ. ಮರುದಿನ ತರಗತಿಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡು, ಪಾತ್ರಗಳನ್ನು ಬದಲಿಸಿದೆವು. ಬೆಳ್ಳಗಿನ ಹುಡುಗ ಬೇಸರಪಡಲಿಲ್ಲ. ರಾಕ್ಷಸನಾಗಿ ಕೂಗಾಡುವುದೇ ಹೆಚ್ಚು ಮೋಜೆಂದ. ಇವನು ಮುಖಕ್ಕೆ ಪೌಡರು ಹಚ್ಚಿಸಿಕೊಳ್ಳದೆ, ನವಿಲುಗರಿ ಮುಡಿದು, ಕೊಳಲು ಹಿಡಿದು ರಂಗಕ್ಕೆ ಬಂದಾಗ ಮುಂದಿನ ಸಾಲಿನಲ್ಲಿದ್ದ ಅವನ ಅಜ್ಜಿ ಕುಳಿತಲ್ಲಿಂದಲೇ ಕೈ ಮುಗಿದರು. ದೇವರಿಗೋ ಮೊಮ್ಮಗನಿಗೋ ನಾವರಿಯೆವು. ಆಟದ ಬಯಲಿನ ಕೂಗು ಇನ್ನೂ ಪೂರ್ತಿ ನಿಂತಿಲ್ಲ. ಅದನ್ನು ನಿಲ್ಲಿಸುವುದು ನಮ್ಮ ನಿಮ್ಮೆಲ್ಲರ ಕೈಯಲ್ಲಿದೆ.