ಒಪ್ಪದ ಮಾತಿಗೂ ಒಂದು ಆಸನ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



‘ವಿದ್ಯಾಸಂಸ್ಥೆ ಮತ್ತು ವಿಚಾರಸ್ವಾತಂತ್ರ್ಯ’ ಎಂಬ ವಿಷಯವನ್ನು ಗೋಷ್ಠಿಯ ಸಂಚಾಲಕರು ನಮಗೆ ಒಪ್ಪಿಸಿದ್ದಾರೆ. ನೂರು ವರ್ಷ ತುಂಬಿದ ಶಾಲೆ ತನ್ನ ಹುಟ್ಟನ್ನು ಸ್ಮರಿಸುವ ಈ ಸಂದರ್ಭದಲ್ಲಿ, ಮಾತಿನ ಸ್ವಾತಂತ್ರ್ಯಕ್ಕಾಗಿಯೇ ಹುಟ್ಟಿಕೊಂಡ ಮೂರು ವಿದ್ಯಾಸಂಸ್ಥೆಗಳ ವೃತ್ತಾಂತವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಮೂರೂ ದೂರದೇಶದವು, ಆದರೆ ಅವು ಎತ್ತುವ ಪ್ರಶ್ನೆ ನಮ್ಮ ತರಗತಿಯ ಬಾಗಿಲಿಗೂ ಬಂದು ನಿಲ್ಲುತ್ತದೆ.

ಮೊದಲನೆಯದು ನ್ಯೂಯಾರ್ಕಿನದು. 1917ರಲ್ಲಿ ಅಮೆರಿಕವು ಮಹಾಯುದ್ಧಕ್ಕೆ ಇಳಿದಾಗ, ಕೊಲಂಬಿಯಾ ವಿಶ್ವವಿದ್ಯಾಲಯವು ಯುದ್ಧನೀತಿಯನ್ನು ವಿರೋಧಿಸಿದ ಇಬ್ಬರು ಅಧ್ಯಾಪಕರನ್ನು ಕೆಲಸದಿಂದ ತೆಗೆಯಿತು. ಇದನ್ನು ಪ್ರತಿಭಟಿಸಿ ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್ ರಾಜೀನಾಮೆ ಇತ್ತರು. ಗಮನಿಸಬೇಕಾದ ಸಂಗತಿಯೆಂದರೆ, ಬಿಯರ್ಡ್ ಯುದ್ಧದ ಪರವಾಗಿದ್ದವರು. ತಮಗೆ ಸಮ್ಮತವಲ್ಲದ ಅಭಿಪ್ರಾಯವನ್ನು ಆಡಿದವರಿಗಾಗಿ ಅವರು ತಮ್ಮ ಪೀಠವನ್ನು ತೊರೆದರು. 1919ರಲ್ಲಿ ಅವರೂ ಜೇಮ್ಸ್ ಹಾರ್ವೆ ರಾಬಿನ್ಸನ್, ಥಾರ್ಸ್ಟೀನ್ ವೆಬ್ಲೆನ್, ಜಾನ್ ಡ್ಯೂಯಿ ಮೊದಲಾದವರೂ ಸೇರಿ ‘ನ್ಯೂ ಸ್ಕೂಲ್ ಫಾರ್ ಸೋಶಿಯಲ್ ರಿಸರ್ಚ್’ ಎಂಬ ಹೊಸ ಸಂಸ್ಥೆಯನ್ನು ತೆರೆದರು. 1933ರಲ್ಲಿ ಹಿಟ್ಲರನ ಆಡಳಿತವು ಜರ್ಮನಿಯ ವಿದ್ವಾಂಸರನ್ನು ಹೊರದೂಡಿದಾಗ, ಆಲ್ವಿನ್ ಜಾನ್ಸನ್ನರ ನೇತೃತ್ವದಲ್ಲಿ ಇದೇ ಸಂಸ್ಥೆ ಅವರಿಗೆ ಆಶ್ರಯವಾಯಿತು.

ಅಲ್ಲಿನ ಗೋಡೆಗಳ ಮೇಲೆ ಮೆಕ್ಸಿಕೋದ ಕಲಾವಿದ ಹೊಸೆ ಕ್ಲೆಮೆಂತೆ ಒರೋಸ್ಕೊ 1930ರ ದಶಕದ ಆರಂಭದಲ್ಲಿ ಭಿತ್ತಿಚಿತ್ರಗಳನ್ನು ರಚಿಸಿದರು. ಅವುಗಳಲ್ಲಿ ನಮ್ಮ ಗಾಂಧೀಜಿಯವರಿದ್ದಾರೆ; ಲೆನಿನ್, ಸ್ಟಾಲಿನ್ ಕೂಡ ಇದ್ದಾರೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಕಮ್ಯುನಿಸಂನ ಭೀತಿ ಹಬ್ಬಿದಾಗ, ಸ್ವಾತಂತ್ರ್ಯಕ್ಕೆಂದೇ ಹುಟ್ಟಿದ ಆ ಸಂಸ್ಥೆ ಲೆನಿನ್, ಸ್ಟಾಲಿನ್‌ರ ಭಾಗಕ್ಕೆ ಪರದೆಯನ್ನು ಎಳೆಯಿತು.

ಎರಡನೆಯದು ಬರ್ಲಿನ್ನಿನದು. ಎರಡನೆಯ ಮಹಾಯುದ್ಧದ ಬಳಿಕ ಅಲ್ಲಿನ ಹಳೆಯ ವಿಶ್ವವಿದ್ಯಾಲಯವು ಸೋವಿಯತ್ ವಲಯಕ್ಕೆ ಸೇರಿತ್ತು. ಆಡಳಿತವನ್ನು ಟೀಕಿಸಿದ ಮೂವರು ವಿದ್ಯಾರ್ಥಿಗಳನ್ನು 1948ರಲ್ಲಿ ಹೊರಹಾಕಲಾಯಿತು. ಅದೇ ವರ್ಷದ ಕೊನೆಯಲ್ಲಿ ನಗರದ ಪಶ್ಚಿಮ ಭಾಗದಲ್ಲಿ ‘ಮುಕ್ತ ವಿಶ್ವವಿದ್ಯಾಲಯ’ ಸ್ಥಾಪನೆಯಾಯಿತು. ಅದರ ಆಡಳಿತಮಂಡಲಿಗಳಲ್ಲಿ ವಿದ್ಯಾರ್ಥಿಗಳಿಗೂ ಸ್ಥಾನ ದೊರೆಯಿತು. ಆದರೆ 1965ರಲ್ಲಿ ಪತ್ರಕರ್ತ ಎರಿಕ್ ಕೂಬಿ ಅಲ್ಲಿ ಮಾತನಾಡಲು ಕುಲಪತಿ ಅನುಮತಿ ನೀಡಲಿಲ್ಲ. ‘ಮುಕ್ತ’ ಎಂಬ ಹೆಸರಿನ ಔಚಿತ್ಯವನ್ನೇ ಕೂಬಿ ಕೆಲವು ವರ್ಷಗಳ ಹಿಂದೆ ಪ್ರಶ್ನಿಸಿದ್ದರು. ಅನುಮತಿ ನಿರಾಕರಣೆಯನ್ನು ವಿರೋಧಿಸಿ ವಿದ್ಯಾರ್ಥಿಗಳೇ ಎದ್ದು ನಿಂತರು.

ಮೂರನೆಯದು ನಮ್ಮ ಕಾಲದ್ದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮನಸ್ಸಿನ ಮಾತನ್ನು ಆಡಲು ಅಧ್ಯಾಪಕರೂ ವಿದ್ಯಾರ್ಥಿಗಳೂ ಹೆದರುತ್ತಿದ್ದಾರೆ ಎಂದು ದೂರಿ, ಕೆಲವರು 2021ರ ನವೆಂಬರಿನಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಹೊಸ ವಿಶ್ವವಿದ್ಯಾಲಯವನ್ನು ಘೋಷಿಸಿದರು. ಕೆಲವೇ ದಿನಗಳಲ್ಲಿ ಸ್ಟೀವನ್ ಪಿಂಕರ್ ಮತ್ತು ರಾಬರ್ಟ್ ಝಿಮ್ಮರ್ ಅದರ ಸಲಹಾಮಂಡಲಿಯಿಂದ ಹಿಂದೆ ಸರಿದರು. ಇದು ಒಂದೇ ರಾಜಕೀಯ ಪಕ್ಕಕ್ಕೆ ವಾಲಿದ ಸಂಸ್ಥೆ ಎಂದು ಟೀಕಿಸಿದವರಿದ್ದಾರೆ. ಇಂಥದ್ದು ಬೇಕೇ ಇತ್ತು ಎಂದವರೂ ಇದ್ದಾರೆ. 2024ರಲ್ಲಿ ಸುಮಾರು 90 ವಿದ್ಯಾರ್ಥಿಗಳ ಮೊದಲ ತಂಡ ಅಲ್ಲಿ ಸೇರಿತು. ಅದನ್ನು ತೂಗುವ ಕಾಲ ಇನ್ನೂ ಬಂದಿಲ್ಲ.

ಅನ್ಯಾಯವನ್ನು ಕಂಡು ಹೊರನಡೆಯುವುದಕ್ಕೆ ಧೈರ್ಯ ಬೇಕು. ಹೊಸ ಮನೆ ಕಟ್ಟುವುದಕ್ಕೆ ಶ್ರಮ ಬೇಕು. ಇವೆರಡಕ್ಕಿಂತ ಕಠಿಣವಾದುದು ಮನೆ ನಮ್ಮದಾದ ಮೇಲೆ ಬರುತ್ತದೆ: ನಮಗೆ ಹಿತವಲ್ಲದ ಮಾತನ್ನು ನಮ್ಮದೇ ಚಾವಡಿಯಲ್ಲಿ ಕುಳಿತು ಕೇಳುವುದು. ಸಂಸ್ಥೆಯ ಸತ್ತ್ವ ತಿಳಿಯುವುದು ಆ ದಿನ.

ಈ ಮಾತು ನಮಗೂ ಸಲ್ಲುತ್ತದೆ. ಭಾಷಾ ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ನೀಡಿದೆ. ಕೇರಳದ ಮಣ್ಣಿನಲ್ಲಿರುವ ಕಾಸರಗೋಡಿನ ಕನ್ನಡಿಗರು ತಮ್ಮ ದನಿಗೆ ಮನ್ನಣೆ ಬೇಕೆಂದು 1956ರಿಂದಲೂ ಕೇಳುತ್ತ ಬಂದಿದ್ದೇವೆ. ಹಾಗೆ ಕೇಳುವ ನಮ್ಮ ತರಗತಿಯಲ್ಲೇ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಆಡುವ ಮಕ್ಕಳಿದ್ದಾರೆ. ಅವರಲ್ಲೊಬ್ಬಳು ಎದ್ದು ನಿಂತು, ‘ಟೀಚರ್, ಕನ್ನಡ ಮಾಧ್ಯಮದಲ್ಲಿ ಓದಿದರೆ ನಮಗೇನು ಸಿಗುತ್ತದೆ?’ ಎಂದು ಕೇಳಿದರೆ, ಆ ಪ್ರಶ್ನೆಗೆ ನಾವು ಪರದೆ ಎಳೆಯಬಹುದೇ? ಭಾಷಾಭಿಮಾನವಿಲ್ಲವೆಂದು ಅವಳನ್ನು ಗದರಿಸಿ ಕುಳ್ಳಿರಿಸುವುದು ಸುಲಭ. ಕುಳಿತ ಮಗು ಸುಮ್ಮನಾಗುತ್ತದೆ. ಪ್ರಶ್ನೆ ಮಾತ್ರ ಅವಳ ಜೊತೆ ಮನೆಗೆ ಹೋಗಿ, ಮುಂದಿನ ವರ್ಷ ವರ್ಗಾವಣೆ ಪತ್ರದ ಅರ್ಜಿಯಾಗಿ ಮರಳಿ ಬರುತ್ತದೆ.

ಆದ್ದರಿಂದ ಅಧ್ಯಾಪಕ ವೃಂದದವರಾದ ನಾವು ಒಂದು ನಿರ್ಧಾರ ಮಾಡಿದ್ದೇವೆ. ಶತಮಾನೋತ್ಸವ ವರ್ಷದ ಚರ್ಚಾಸ್ಪರ್ಧೆಯ ವಿಷಯ: ‘ಕನ್ನಡ ಮಾಧ್ಯಮ ಇನ್ನೂ ಬೇಕೇ?’ ಬೇಡವೆನ್ನುವ ಪಕ್ಷಕ್ಕೂ ಸಮಾನ ಸಮಯ, ಸಮಾನ ಅಂಕ, ಸಮಾನ ಚಪ್ಪಾಳೆ. ಆ ಪಕ್ಷವೇ ಗೆದ್ದರೆ ಬಹುಮಾನವೂ ಅದಕ್ಕೇ. ಹಿರಿಯರಲ್ಲಿ ಕೆಲವರಿಗೆ ಇದು ಕಸಿವಿಸಿಯೆನಿಸಿದೆ ಎಂಬುದನ್ನು ಬಲ್ಲೆವು. ಆದರೆ ಬೇಡವೆನ್ನುವ ವಾದವನ್ನೂ ಅಚ್ಚುಕಟ್ಟಾದ ಕನ್ನಡದಲ್ಲಿ ಮಂಡಿಸಬಲ್ಲ ಮಗುವನ್ನು ಬೆಳೆಸಿದ ಶಾಲೆ, ಎರಡನೆಯ ಶತಮಾನಕ್ಕೆ ಅಂಜದೆ ಕಾಲಿಡಬಹುದು.

ಆ ದಿನ ತಾವೆಲ್ಲರೂ ಬಂದು ಮುಂದಿನ ಸಾಲಿನಲ್ಲಿ ಕುಳಿತು ಮಕ್ಕಳ ಮಾತನ್ನು ಆಲಿಸಬೇಕೆಂದು ವಿನಂತಿಸಿ, ನಮ್ಮ ಮಾತಿಗೆ ವಿರಾಮ ಹೇಳುತ್ತೇವೆ.